ಪೂಜೆಗಿಟ್ಟ ಸ್ಪ್ಯಾನರ್

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ಬೂದುಗುಂಬಳದ ರಾಶಿಗಳ ನಡುವೆ ದಾರಿ ಮಾಡಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಆಯುಧಪೂಜೆ ಹತ್ತಿರ ಬಂದಾಗಿನ ಗಲಾಟೆ. ಹಿಂದಕ್ಕೆ ಬರುತ್ತಿದ್ದ ಒಂದು ಆಟೋ, ಯಾರದೋ ಚೀಲದಿಂದ ಉರುಳಿ ಬಿದ್ದಿದ್ದ ನಿಂಬೆಹಣ್ಣಿನ ಮೇಲೆ ಹತ್ತಿತು. ಪಚ್ ಅಂತ ಸಣ್ಣ ಶಬ್ದ. ಆಮೇಲೆ ಆ ವಾಸನೆ. ಒದ್ದೆ ರಸ್ತೆ, ಟಯರು, ನಿಂಬೆ ಸಿಪ್ಪೆ ಮೂರೂ ಸೇರಿದ ವಾಸನೆ. ನನ್ನ ಕಾಲು ನಿಂತೇ ಹೋಯಿತು.

"ಅಕ್ಕ, ಸ್ವಲ್ಪ ಸೈಡಿಗೆ ಬನ್ನಿ, ಎಲ್ಲಾರೂ ಹೋಗ್ಬೇಕು," ಅಂದಳು ಹಿಂದೆ ಬಾಳೆಕಂದು ಹೊತ್ತಿದ್ದ ಹೆಂಗಸು. ಸರಿದು ನಿಂತೆ. ಅಷ್ಟರಲ್ಲಿ ನನ್ನ ಕೈ ಮನೆಗೆ ಫೋನ್ ಮಾಡಿಬಿಟ್ಟಿತ್ತು. ಅತ್ತೆ ಎತ್ತಿದರು.

"ಏನೇ ಸುಮಾ?"

"ಏನಿಲ್ಲ ಅತ್ತೆ. ಮಂಜು ಎಲ್ಲಿ?"

"ಇಲ್ಲೇ ಇದಾನೆ, ಅಕ್ಕಿಹಿಟ್ಟಿನ ಮೂಟೆ ಇಳಿಸ್ತಿದಾನೆ. ನಿಂಬೆಹಣ್ಣು ತಗೊಂಡ್ಯಾ?"

"ತಗೊಂಡೆ."

ನನ್ನ ದನಿಯಲ್ಲಿ ಏನು ಕೇಳಿಸಿತೋ. ಅತ್ತೆ ಹೇಳಿದರು: "ಎರಡೂ ಕಾಲು ಇದೆ ಕಣೇ, ಈಗ್ತಾನೆ ನೋಡ್ದೆ. ಬಾ ಮನೆಗೆ."

ಕೆಲವು ವರ್ಷಗಳ ಹಿಂದಿನ ಮಾತು. ಗೌರಿಹಬ್ಬಕ್ಕೆ ಮುಂಚೆ ಹಿಡಿದ ಮಳೆ ದಸರಾವರೆಗೂ ಬಿಟ್ಟೂ ಬಿಟ್ಟೂ ಸುರಿದ ವರ್ಷ. ನಮ್ಮ ಮನೆ ಶ್ರೀನಗರದಲ್ಲಿ, ಇಳಿಜಾರು ರಸ್ತೆಯ ನಡುಮಧ್ಯ. ಮುಂದೆ ಮನೆ, ಹಿಂದೆ ಶೀಟಿನ ಕೆಳಗೆ ಅತ್ತೆಯ ಅಡಿಗೆಕೋಣೆ. ಅಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಆಗುತ್ತವೆ. ಅವು ಜಯನಗರ, ಬನಶಂಕರಿ, ಬಿಟಿಎಂ ಕಡೆಯ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹೋಗುತ್ತವೆ. ಮಾಡುವುದು ಅತ್ತೆ ಗಿರಿಜಮ್ಮ ಮತ್ತು ಅವರ ಜೊತೆಗಿನ ಹೆಂಗಸರು, ತಲುಪಿಸುವುದು ನನ್ನ ಗಂಡ ಮಂಜು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ತನಕ ಪ್ಯಾಕೆಟ್‌ಗಳ ಬಾಯಿ ಮುಚ್ಚುವ ಕೆಲಸ ನನ್ನದು.

ಇಷ್ಟೆಲ್ಲದರ ಭಾರ ಹೊರುತ್ತಿದ್ದವನು ಬಸವ. ಬಸವ ಅಂದರೆ ನಮ್ಮ ವ್ಯಾನ್. ಒಂದು ಕಾಲಕ್ಕೆ ಬೆಳ್ಳಗಿದ್ದಿರಬಹುದು, ನಮ್ಮ ಮನೆಗೆ ಬರುವಷ್ಟರಲ್ಲಿ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಹಳೇ ಕಾಲದ ಡೀಸೆಲ್ ಎಂಜಿನ್ನು. ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು, ಆದರೆ ನಿಲ್ಲಿಸಲು ಕೀ ಸಾಲದು. ಸ್ಟೀರಿಂಗ್ ಕೆಳಗಿದ್ದ ಒಂದು ಕರೀ ಗುಬುಟು ಎಳೆದು ಹಿಡಿಯಬೇಕು, ಆಗ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಹ್ಯಾಂಡ್‌ಬ್ರೇಕ್ ಇತ್ತು ಅನ್ನುವುದಕ್ಕೆ ಇತ್ತು. ಆದ್ದರಿಂದ ಇಳಿಜಾರಿನಲ್ಲಿ ನಿಲ್ಲಿಸುವಾಗ ಫಸ್ಟ್ ಗೇರಿನಲ್ಲಿ ಬಿಟ್ಟು, ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಡುತ್ತಿದ್ದೆವು. ನಮ್ಮ ರಸ್ತೆಯಲ್ಲಿ ಎಲ್ಲರದೂ ಹೆಚ್ಚು ಕಡಿಮೆ ಅದೇ ಅಭ್ಯಾಸ. ಪ್ರತಿ ಮನೆಯ ಗೇಟಿನ ಪಕ್ಕ ಒಂದು ಕಲ್ಲು ಕೂತಿರುತ್ತದೆ.

ಗೌರಿಹಬ್ಬದ ವಾರವೇ ಶುರುವಾಯಿತು. ವರ್ಷದಲ್ಲಿ ನಮಗೆ ಉಸಿರಾಡಲು ಬಿಡುವಿಲ್ಲದ ದಿನಗಳು ಅವು. ವ್ಯಾನಿನ ತುಂಬ ಚಕ್ಕುಲಿ ಡಬ್ಬಿ ಜೋಡಿಸಿ ಮಂಜು ಕೀ ತಿರುಗಿಸಿದರೆ "ಟಕ್" ಅಂತ ಒಂದೇ ಶಬ್ದ. ಇನ್ನೊಂದು ಸಲ, "ಟಕ್". ಎದುರುಮನೆಯ ನಾಗರಾಜ್ ಅಂಕಲ್ ಕಾಫಿ ಲೋಟ ಹಿಡಿದುಕೊಂಡೇ ಬಂದರು. ಅವರು ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು. ಯಾರ ಮನೆಯಲ್ಲಿ ಏನು ಕೆಟ್ಟರೂ ಅವರಿಗೆ ಕಾರಣ ಗೊತ್ತಿರುತ್ತದೆ.

"ಬ್ಯಾಟರಿ ಕಣಯ್ಯ. ಬರೆದಿಟ್ಕೋ."

"ಅಂಕಲ್, ಹೆಡ್‌ಲೈಟ್ ಸಖತ್ತಾಗಿ ಉರೀತಿದೆ."

"ಉರೀತದಪ್ಪ. ದೀಪ ಉರಿಯೋದು ಬೇರೆ, ಎಂಜಿನ್ ತಿರುಗ್ಸೋದು ಬೇರೆ."

ಮಾತು ಸುಳ್ಳಲ್ಲ. ಆದರೆ ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿದಾಗ ದೀಪ ಮಂಕಾದರೆ ಬ್ಯಾಟರಿಗೆ ಶಕ್ತಿಯಿಲ್ಲ ಅಂತ ಅರ್ಥ. ದೀಪ ಹಾಗೇ ಇದ್ದು ಬರೀ ಟಕ್ ಅಂದರೆ, ದಾರಿಯಲ್ಲಿ ಎಲ್ಲೋ ವೈರಿನ ಸಂಪರ್ಕ ಸರಿಯಿಲ್ಲ ಅಂತ ಅರ್ಥ. ಇದು ಮಂಜು ಮೊಬೈಲಿನಲ್ಲಿ ನೋಡಿ ಕಲಿತ ಪರೀಕ್ಷೆ. ನಮ್ಮ ಬಸವ ಒಂದು ದಿನ ಹೀಗೆ, ಒಂದು ದಿನ ಹಾಗೆ. ಸೋಮವಾರ ದೀಪ ಮಂಕಾಯಿತು, ಬುಧವಾರ ಮಂಕಾಗಲಿಲ್ಲ, ಗುರುವಾರ ಏನೂ ಆಗದವನ ಹಾಗೆ ಮೊದಲ ಸಲಕ್ಕೇ ಸ್ಟಾರ್ಟ್ ಆಗಿ ಎಲ್ಲರ ಬಾಯಿ ಮುಚ್ಚಿಸಿದ.

ಬ್ಯಾಟರಿಯ ತಂತಿ ಕೂರುವ ಜಾಗದಲ್ಲಿ ಹಸಿರು ಬಿಳಿ ಬೂಷ್ಟು ಕಟ್ಟಿತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು, ಯಾಕೆಂದರೆ ಅದು ನನ್ನ ವಿಷಯ. ಬಿಸಿನೀರಿಗೆ ಅತ್ತೆಯ ಅಡಿಗೆಸೋಡ ಹಾಕಿ ಸುರಿದೆ. ಬುಸ್ ಅಂತ ನೊರೆ ಬಂದು ಎಲ್ಲಾ ಕರಗಿ ಹೋಯಿತು. "ನೋಡಿ ಅತ್ತೆ, ಆಸಿಡ್ಡು, ಬೇಸು," ಅಂದೆ. "ಸೋಡ ಖಾಲಿ ಮಾಡ್ಬೇಡ್ವೇ, ತಾಯಿ," ಅಂದರು. ಎರಡು ದಿನ ಬಸವ ಚೆನ್ನಾಗಿದ್ದ. ಮೂರನೇ ದಿನ ಮತ್ತೆ ಟಕ್. ಮಂಜು ಬ್ಯಾಟರಿಯಿಂದ ವ್ಯಾನಿನ ಮೈಗೆ ಬರುವ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದ. ಒಂದು ವಾರ ಸರಿಹೋಯಿತು. ಆ ವಾರ ನಾವು ಗೆದ್ದೆವು ಅಂದುಕೊಂಡೆವು.

ಗೆದ್ದಿರಲಿಲ್ಲ. ಸೆಪ್ಟೆಂಬರಿನ ಮಳೆಯಲ್ಲಿ ಶ್ರೀನಗರದ ನಮ್ಮ ರಸ್ತೆಯ ಬೆಳಗು ಅಂದರೆ ಬಸವನನ್ನು ತಳ್ಳುವುದು. ಹಾಲಿಗೆ ಬಂದವರು, ವಾಕಿಂಗಿಗೆ ಹೊರಟವರು, ನೈಟಿ ಮೇಲೆ ಟವೆಲ್ ಹೊದ್ದು ರಂಗೋಲಿ ಹಾಕುತ್ತಿದ್ದ ಆಂಟಿಯರು ಎಲ್ಲರೂ ಒಂದು ಕೈ ಕೊಡುತ್ತಿದ್ದರು. ಇಳಿಜಾರು ಇದ್ದದ್ದು ಪುಣ್ಯ. "ಏ ಮಗಾ, ಸೆಕೆಂಡ್ ಗೇರಲ್ಲಿ ಬಿಡು, ಸೆಕೆಂಡ್!" ಅಂತ ಹಿಂದಿನಿಂದ ಯಾರೋ ಕೂಗುವುದು, ಬಸವ ಕರೀ ಹೊಗೆ ಬಿಟ್ಟು ಎದ್ದು ಓಡುವುದು, ಹಿಂದೆ ತಳ್ಳುತ್ತಿದ್ದವರೆಲ್ಲ ಕೆಮ್ಮುತ್ತ ನಗುವುದು. ಒಬ್ಬ ಆಂಟಿ ಅತ್ತೆಗೆ ಹೇಳಿದರು: "ಗಿರಿಜಮ್ಮ, ಜಿಮ್‌ಗೆ ಹೋಗೋ ಖರ್ಚು ಉಳೀತು ನಮ್ಗೆ. ಅರ್ಧ ಕೇಜಿ ಕೋಡುಬಳೆ ಕೊಟ್ಬಿಡಿ." ಅತ್ತೆ ಕೊಟ್ಟರು.

ರಾತ್ರಿಯಿಡೀ ಎಲ್ಲೋ ಕರೆಂಟು ಸೋರಿ ಬ್ಯಾಟರಿ ಖಾಲಿಯಾಗುತ್ತಿದೆ ಅಂತ ಮಂಜುಗೆ ಅನುಮಾನ ಬಂತು. ದಿನಾ ಸಂಜೆ ಬ್ಯಾಟರಿಯ ಒಂದು ತಂತಿ ಬಿಚ್ಚಿಡುವುದು, ಬೆಳಿಗ್ಗೆ ಮತ್ತೆ ಹಾಕುವುದು ಅಂತ ಪದ್ಧತಿಯಾಯಿತು. ಎಲ್ಲರಿಗಿಂತ ಮುಂಚೆ ಏಳುವವರು ಅತ್ತೆ. ಆದ್ದರಿಂದ ಕೆಲಸ ಅವರ ಪಾಲಿಗೆ ಬಂತು. ಬಸವನ ಎಡಬದಿಯಲ್ಲಿ, ಬಾಗಿಲ ಹಿಂದೆ ತಗಡಿನ ಪೆಟ್ಟಿಗೆಯೊಳಗೆ ಬ್ಯಾಟರಿ. ಹೊರಗಿನಿಂದಲೇ ಮುಚ್ಚಳ ತೆಗೆಯಬಹುದು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿದು ಕೂತು, ತಂತಿ ಹಾಕಿ, ಕೈ ತೊಳೆದು ಒಲೆ ಹಚ್ಚುವುದು ದಿನಚರಿಯ ಭಾಗವೇ ಆಗಿಹೋಯಿತು. "ಬಾಣಂತಿಗೆ ಹೊಟ್ಟೆ ಕಟ್ಟಿದ ಹಾಗೆ ದಿನಾ ಕಟ್ಟೋದು ಬಿಚ್ಚೋದು ಇವನಿಗೆ," ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರು ತಂತಿ ಹಾಕಿದ ಕೂಡಲೇ ವ್ಯಾನು ತಾನಾಗಿ ಗುರ್ ಅಂದು, ಕಲ್ಲಿಗೆ ಮೂಗು ಒತ್ತಿದ ಹಾಗೆ ಒಮ್ಮೆ ಅಲುಗಿ, ಸುಮ್ಮನಾಯಿತಂತೆ. ಕಾಫಿ ಕುಡಿಯುವಾಗ ಹೇಳಿದರು: "ಇವತ್ತು ಬಸವ ಗುರುಗುಟ್ದ ಕಣ್ರೋ." ಮಂಜು ನಕ್ಕ. "ಹಸಿವಾಗಿರ್ಬೇಕಮ್ಮ, ಡೀಸೆಲ್ ಹಾಕ್ಸಿಲ್ಲ." ನಾನೂ ನಕ್ಕೆ. ಕೀ ಇಲ್ಲದೆ ಒಂದು ಗಾಡಿ ಯಾಕೆ ಗುರುಗುಟ್ಟಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸ್ಟಾರ್ಟ್ ಆಗದಿರುವುದೇ ನಮಗೆ ತೊಂದರೆಯಾಗಿತ್ತು. ಸ್ಟಾರ್ಟ್ ಆಗಲು ಹೊರಟದ್ದು ತೊಂದರೆ ಅಂತ ಹೇಗೆ ಅನ್ನಿಸೀತು?

ದಸರಾ ಬಂತು. ಆಯುಧಪೂಜೆಗೆ ಮುಂಚಿನ ದಿನ ಹೊಸ ಬ್ಯಾಟರಿ ತಂದೆವು. ನಾಗರಾಜ್ ಅಂಕಲ್ ಅದನ್ನು ತಮ್ಮ ಮೊಮ್ಮಗನನ್ನು ನೋಡಿದ ಹಾಗೆ ನೋಡಿದರು. "ಹೇಳಿರ್ಲಿಲ್ವಾ? ಇವತ್ತೇ ಹಾಕಿ ಬಿಸಾಕು." ಮಂಜುಗೂ ಅದೇ ಮನಸ್ಸು. ಅತ್ತೆ ಒಪ್ಪಲಿಲ್ಲ.

"ಹೊಸ ಸಾಮಾನು, ನಾಳೆ ಪೂಜೆ ಇಟ್ಕೊಂಡು ಇವತ್ತು ಹಾಕ್ತಾರೇನೋ? ಪೂಜೆ ಆಗ್ಲಿ."

"ಸರಿ, ಪೂಜೆ ಆದ ತಕ್ಷಣ ಹಾಕ್ತೀನಿ."

"ಯಾವ ಸ್ಪ್ಯಾನರಲ್ಲಿ ಹಾಕ್ತೀಯ? ಅವೂ ಪೂಜೆಗೆ ಕೂತಿರ್ತವೆ. ವಿಜಯದಶಮಿವರೆಗೂ ಮುಟ್ಟೋ ಹಾಗಿಲ್ಲ."

"ಹಂಗಾದ್ರೆ ನಿಂಬೆಹಣ್ಣು ಹತ್ಸೋದು ಹೆಂಗಮ್ಮ? ಎಲ್ಲಾರೂ ಸೇರಿ ತಳ್ಳೋದಾ?"

ಅದು ಇನ್ನೂ ಆಗದ ಮಾತು. ಪೂಜೆ ಮುಗಿದ ಮೇಲೆ ಗಾಡಿ ತಾನೇ ನಡೆದು ನಿಂಬೆಹಣ್ಣು ತುಳಿಯಬೇಕು. ತಳ್ಳಿಸಿಕೊಂಡು ತುಳಿದರೆ ವರ್ಷವಿಡೀ ತಳ್ಳಿಸಿಕೊಳ್ಳುತ್ತದೆ ಅನ್ನುವುದು ಅತ್ತೆಯ ಲೆಕ್ಕ. ಕೊನೆಗೆ ತೀರ್ಮಾನವಾಯಿತು: ಹಳೇ ಬ್ಯಾಟರಿಯೇ ಒಂದು ದಿನ ಹೇಗೋ ಎಳೆಯಲಿ, ಹೊಸದನ್ನು ಮಾರನೇ ದಿನ ಹಾಕುವುದು.

ಆ ಸಂಜೆ ಮಂಜು ಬಸವನಿಗೆ ಪೈಪ್ ಹಿಡಿದು ಸ್ನಾನ ಮಾಡಿಸಿದ. ಮೇಲೆ, ಕೆಳಗೆ, ಎಂಜಿನ್ ಸಂದಿಗೂ. ಹೆಂಗಸರು ಹೊಟ್ಟೆ ತುಂಬ ನಕ್ಕರು, ಇಷ್ಟು ಚೆನ್ನಾಗಿ ಅವನು ತಾನು ಯಾವತ್ತೂ ಸ್ನಾನ ಮಾಡಿಲ್ಲ ಅಂತ. ರಾತ್ರಿ ಮತ್ತೆ ಮಳೆ.

ಬೆಳಿಗ್ಗೆ ಬಿಸಿಲು ಬಂತು. ಅತ್ತೆ ಎಂದಿನ ಹಾಗೆ ಎದ್ದು ತಂತಿ ಹಾಕಿದರು. ಮಂಜು ಒಮ್ಮೆ ಸ್ಟಾರ್ಟ್ ಮಾಡಿ ನೋಡಿದ, ಆಯಿತು, ನಿಲ್ಲಿಸಿದ. ಫಸ್ಟ್ ಗೇರ್. ಮಕ್ಕಳು ಹತ್ತಿ ಹೂವು ಕೀಳಬಾರದು ಅಂತ ಬಾಗಿಲಿಗೆ ಬೀಗ. ಕೀ ದೇವರ ಕೋಣೆಯಲ್ಲಿ, ತಟ್ಟೆಯೊಳಗೆ. ವ್ಯಾನಿನ ಮೂಗಿಗೆ ಬಾಳೆಕಂದು, ಸೇವಂತಿಗೆ ಹಾರ. ಹಾರದ ಜೊತೆ ಮಿಣುಕು ದೀಪದ ಸರ, ಅದಕ್ಕೂ ಕರೆಂಟು ಅದೇ ಹಳೇ ಬ್ಯಾಟರಿಯಿಂದ. ಗೇಟಿನ ಪಕ್ಕ ಉದ್ದನೆಯ ಮಣೆಯ ಮೇಲೆ ಚಕ್ಕುಲಿ ಒತ್ತು, ಬಾಣಲೆ, ಸಟ್ಟುಗ, ಮಂಜುವಿನ ಸ್ಪ್ಯಾನರುಗಳು, ಹೊಸ ಬ್ಯಾಟರಿ. ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಮೇಲೆ ಕುಂಕುಮ. ಚಕ್ರಕ್ಕೆ ಕೊಡುತ್ತಿದ್ದ ಕಲ್ಲನ್ನೂ ತೊಳೆದು ಮಣೆಯ ಪಕ್ಕ ಇಟ್ಟಿದ್ದರು, ವರ್ಷವಿಡೀ ದುಡಿದಿದೆಯಲ್ಲ ಅಂತ. ಚಕ್ರದ ಮುಂದೆ ಈಗ ನಿಂಬೆಹಣ್ಣು ಬರಬೇಕಾದ ಜಾಗ.

ಮಂಜು ಜರಿಯಂಚಿನ ಹೊಸ ಪಂಚೆ ಉಟ್ಟಿದ್ದ. ಅಭ್ಯಾಸವಿಲ್ಲದವನು, ಜಾರೀತು ಅಂತ ಬೆಲ್ಟು ಬಿಗಿದಿದ್ದ. ರಸ್ತೆಯವರು ಅರ್ಧಕ್ಕರ್ಧ ನಮ್ಮ ಗೇಟಿನ ಹತ್ತಿರ ಇದ್ದರು. ತಳ್ಳಿದವರೆಲ್ಲ ಬಂದಿದ್ದರು ಅನ್ನಬಹುದು. ನಾನು ಆರತಿ ತಟ್ಟೆ ಹಿಡಿದು ವ್ಯಾನಿನ ಎಡಕ್ಕೆ ನಿಂತಿದ್ದೆ. ಮಂಗಳಾರತಿ ಆಯಿತು. ಮಂಜು ಬಲಚಕ್ರಕ್ಕೆ ನಿಂಬೆಹಣ್ಣಿಟ್ಟು ನನ್ನ ಕಡೆಗೆ ಬಂದ. ಎಡಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಪಂಚೆಯ ಅಂಚು ರಸ್ತೆಯ ಮೇಲೆ ಹರಡಿಕೊಂಡಿತು. ಕೈ ಚಾಚಿ ಹಣ್ಣನ್ನು ಟಯರಿನ ಬುಡಕ್ಕೆ ತಳ್ಳಿದ.

ಇಲ್ಲಿಂದ ಮುಂದಿನದು ನನಗೆ ಈಗಲೂ ಬೇಡದ ಹೊತ್ತಿನಲ್ಲೆಲ್ಲ ಕಾಣಿಸುತ್ತದೆ. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ, ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ.

ಟಕ್ ಅಂತು. ಮಿಣುಕು ದೀಪ ಪಟ್ಟನೆ ಆರಿತು. ವ್ಯಾನು ನೆಲದೊಳಗಿನಿಂದ ಬಂದ ಹಾಗೆ ಗ್ರೂಂ ಅಂದು ಮುಂದಕ್ಕೆ ಹಾರಿತು. ಹಾರಿತು ಅಂದರೆ ಒಂದು ಮೊಳವೂ ಇಲ್ಲ. ನಿಂಬೆಹಣ್ಣು ಪಚ್ ಅಂತ ಒಡೆಯಿತು. ಮಂಜು ಕೈ ಎಳೆದುಕೊಂಡು ಹಿಂದಕ್ಕೆ ಬಿದ್ದ. ಬಿದ್ದವನ ಎರಡೂ ಕಾಲು ಟಯರಿನ ನೇರ ಮುಂದೆ. ವ್ಯಾನು ನಿಂತಿತು, ಪಂಚೆಯ ಮೇಲೆ.

"ಯಾರೋ ಅದು ಒಳಗೆ?" ಅಂತ ಯಾರೋ ಕೂಗಿದರು. ಒಳಗೆ ಯಾರೂ ಇರಲಿಲ್ಲ. ಗಾಜಿನಾಚೆ ಖಾಲಿ ಸೀಟು, ಅದರ ಮೇಲೊಂದು ಹೂವು. ಕೆಳಗಿನಿಂದ ಕಟಕಟಕಟ ಅಂತ ಶಬ್ದ, ಹಲ್ಲು ಕಡಿಯುವ ಹಾಗೆ. ಯಾರೂ ಕೀ ಮುಟ್ಟದ ಗಾಡಿ ಸ್ಟಾರ್ಟ್ ಆಗಲು ಒದ್ದಾಡುತ್ತಿತ್ತು.

ಮಂಜು ಏಳಲು ನೋಡಿದ. ಪಂಚೆ ಬಿಡಲಿಲ್ಲ. ಟಯರು ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿತ್ತು, ಬೆಲ್ಟು ಅವನನ್ನು ಹಿಡಿದಿತ್ತು. ತಳ್ಳುವುದರಲ್ಲಿ ಪಳಗಿದ ನಮ್ಮ ರಸ್ತೆಯ ಗಂಡಸರು ವ್ಯಾನಿನ ಮೂಗಿಗೆ ಭುಜ ಕೊಟ್ಟರು. ಆದರೆ ಗೇರಿನಲ್ಲಿರುವ ಡೀಸೆಲ್ ಗಾಡಿ ಏರಿಗೆ ಹಿಂದಕ್ಕೆ ಹೋಗುತ್ತದೆಯೇ? ಗೋಡೆ ತಳ್ಳಿದ ಹಾಗಾಯಿತು.

"ಕೀ! ಕೀ ತನ್ನಿ, ನ್ಯೂಟ್ರಲ್ ಮಾಡ್ಬೇಕು!" ನಾಗರಾಜ್ ಅಂಕಲ್ ಒಳಗೆ ಓಡಿದರು. ಓಡಿದವರು ನಮ್ಮ ಹೊಸ್ತಿಲಲ್ಲಿ ನಿಂತು ಬಗ್ಗಿದರು. ಚಪ್ಪಲಿ ಬಿಡಲು. ಅದರ ಬಕಲ್ ಬಿಚ್ಚಬೇಕಿತ್ತು. ಅವರು ಒಂದು ಕಾಲಲ್ಲಿ ನಿಂತು ಆ ಬಕಲ್ ಜೊತೆ ಹೆಣಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೋಪವಿಲ್ಲ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಲು ಅವರ ಕಾಲಿಗೆ ಬರುವುದೇ ಇಲ್ಲ. ನನ್ನ ಕೈಗೆ ಆರತಿ ತಟ್ಟೆ ಕೆಳಗಿಡಲು ಬರಲಿಲ್ಲವಲ್ಲ, ಹಾಗೆಯೇ. ಕರ್ಪೂರ ಉರಿಯುತ್ತಲೇ ಇತ್ತು.

"ಪಂಚೆ ಬಿಚ್ಚೋ ಮಂಜಾ!" ಅತ್ತೆ ಕಿರುಚಿದರು.

"ಬೆಲ್ಟಮ್ಮ..."

"ಬಿಚ್ಚೋ ಬೆಲ್ಟು!"

"ಜನ ಇದಾರಮ್ಮ!"

ಸಾಯುವ ಹೊತ್ತಿನಲ್ಲಿ ಮನುಷ್ಯ ಈ ಮಾತಾಡುತ್ತಾನೆ ಅಂದರೆ ನಾನು ನಂಬುತ್ತಿರಲಿಲ್ಲ. ಅವನ ಕೈ ಬಕಲಿನ ಮೇಲಿತ್ತು, ಕಣ್ಣು ಎದುರು ನಿಂತ ಆಂಟಿಯರ ಮೇಲಿತ್ತು. ಅಷ್ಟರಲ್ಲಿ ಎರಡನೇ ಸಲ ಗ್ರೂಂ ಅಂತು. ವ್ಯಾನು ಇನ್ನೊಂದು ಗೇಣು ಸರಿಯಿತು. ಮೂಗಿಗೆ ಭುಜ ಕೊಟ್ಟಿದ್ದವರು ಚದುರಿದರು. ಟಯರು ಮಂಜುವಿನ ಮೊಣಕಾಲ ಕೆಳಗಿನ ಮೂಳೆಗೆ ತಾಗಿ ನಿಂತಿತು. ತಾಗಿ ನಿಂತಿತು, ಅಷ್ಟೇ. ಆಗ ನಾನು ತಟ್ಟೆ ಯಾರ ಕೈಗೆ ಕೊಟ್ಟೆನೋ, ಎಲ್ಲಿ ಎಸೆದೆನೋ ಗೊತ್ತಿಲ್ಲ. ಅವನ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆಯುತ್ತಿದ್ದೆ. ಬಟ್ಟೆ ಚರ್ ಅಂದಿತು, ಆದರೆ ಜರಿಯಂಚು ಹರಿಯಲಿಲ್ಲ. ಒಳ್ಳೇ ನೇಯ್ಗೆಯ ಪಂಚೆ.

ಅತ್ತೆ ನನ್ನ ಪಕ್ಕದಿಂದ ಹೋದದ್ದು ಸೀರೆಯ ಸರಸರದಲ್ಲಿ ಗೊತ್ತಾಯಿತು. ತಿರುಗಿ ನೋಡಿದರೆ ಮಣೆಯ ಮುಂದೆ ಇದ್ದರು. ಸ್ಪ್ಯಾನರುಗಳ ಮೇಲೆ ಅವರೇ ಕಟ್ಟಿದ್ದ ಮಲ್ಲಿಗೆ ದಂಡೆ. ಒಂದೇ ಕ್ಷಣ ನಿಂತರು. ಕೈ ಮುಗಿಯುತ್ತಾರೇನೋ ಅಂದುಕೊಂಡೆ. ಮುಗಿಯಲಿಲ್ಲ. ದಂಡೆ ಕಿತ್ತು ಒಳಗೆ ಕೈ ಹಾಕಿದರು. ಚಕ್ಕುಲಿ ಒತ್ತು ಉರುಳಿ ಠಣ್ ಅಂತ ರಸ್ತೆಗೆ ಬಿತ್ತು. ಅವರ ಕೈಯಲ್ಲಿ ಹತ್ತನೇ ನಂಬರಿನ ಸ್ಪ್ಯಾನರ್, ಅದರ ಮೇಲೆ ಇನ್ನೂ ಹಸಿಯಾಗಿದ್ದ ಕುಂಕುಮ. ವ್ಯಾನಿನ ಪಕ್ಕ ಕುಳಿತು, ಪೆಟ್ಟಿಗೆಯ ಮುಚ್ಚಳ ತೆಗೆದು, ದಿನಾ ಬೆಳಿಗ್ಗೆ ಸಂಜೆ ಮಾಡಿದ ಕೆಲಸವನ್ನು ಆ ಮಧ್ಯಾಹ್ನ ಇನ್ನೊಮ್ಮೆ ಮಾಡಿದರು. ನಟ್ಟು ಅರ್ಧ ಸುತ್ತಿಗೇ ಸಡಿಲವಾಯಿತು. ದಿನಾ ಬಿಚ್ಚುವ ನಟ್ಟು, ಯಾರು ಬಿಗಿಯಾಗಿ ತಿರುಗಿಸಿರುತ್ತಾರೆ?

ಕಟಕಟ ನಿಂತಿತು.

ಎಲ್ಲೋ ದೂರದಲ್ಲಿ ಯಾರದೋ ಮನೆ ಮುಂದೆ ಬೂದುಗುಂಬಳ ಒಡೆದದ್ದು ಕೇಳಿಸಿತು.

ನಾಗರಾಜ್ ಅಂಕಲ್ ಬರಿಗಾಲಲ್ಲಿ ಕೀ ಹಿಡಿದು ಬಂದರು. ಬೀಗ ತೆಗೆದು ನ್ಯೂಟ್ರಲ್ ಮಾಡಿದರು, ಎಲ್ಲರೂ ಸೇರಿ ಬಸವನನ್ನು ಹಿಂದಕ್ಕೆ ತಳ್ಳಿದರು, ಅತ್ತೆಯೇ ಕಲ್ಲು ತಂದು ಚಕ್ರಕ್ಕೆ ಕೊಟ್ಟರು. ಮಂಜು ಎದ್ದು ನಿಂತ. ಮೊಣಕಾಲ ಕೆಳಗೆ ಟಯರಿನ ಕರೀ ಗುರುತು, ಅದರ ಮೇಲೆ ನಿಂಬೆರಸ. ಬೇರೇನೂ ಇಲ್ಲ. ಒತ್ತಿ ನೋಡಿದೆ, ತಿರುಗಿಸಿ ನೋಡಿದೆ, ಬೆರಳು ಎಣಿಸಿದೆ. ಬೇರೇನೂ ಇರಲಿಲ್ಲ. ಹಿಂದಕ್ಕೆ ಬಿದ್ದಾಗ ಪಂಚೆ ಸರಿದು ಒಳಗಿದ್ದ ಚಡ್ಡಿ ಕಾಣುತ್ತಿತ್ತು. ನೀಲಿ ಬಣ್ಣದ, ಮೊಣಕಾಲುದ್ದದ ಚಡ್ಡಿ.

ಅತ್ತೆ ನೋಡಿದರು. "ಒಳಗೆ ಚಡ್ಡಿ ಇತ್ತೇನೋ?"

"ಇತ್ತಮ್ಮ."

"ಮತ್ತೆ ಬಿಚ್ಚಕ್ಕೆ ಏನಾಗಿತ್ತೋ ನಿಂಗೆ!"

"ತೂತಾಗಿದೆ ಅಮ್ಮ, ಹಿಂದೆ."

ಮೊದಲು ನಕ್ಕಿದ್ದು ಕೋಡುಬಳೆ ಕೇಳಿದ್ದ ಆಂಟಿ. ಆಮೇಲೆ ಇಡೀ ರಸ್ತೆ. ನಾನೂ ನಕ್ಕೆ, ನಗುತ್ತಾ ನಗುತ್ತಾ ಕಲ್ಲಿನ ಪಕ್ಕ ಕೂತುಬಿಟ್ಟೆ. ಅತ್ತೆ ಮಾತ್ರ ನಗಲಿಲ್ಲ. ಮಗನ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಿಂದ ಸವರಿದರು. ಬೆನ್ನ ಮೇಲೆ ಕುಂಕುಮ ಮೂಡಿತು.

ಅಂಕಲ್ ಮೆಲ್ಲಗೆ ಅಂದರು: "ಪೂಜೆಗಿಟ್ಟಿದ್ದ ಆಯುಧ ಎತ್ಬಿಟ್ರಲ್ಲ ಗಿರಿಜಮ್ಮ. ಏನಾದ್ರೂ ಶಾಂತಿ ಗೀಂತಿ..."

"ಇಷ್ಟು ಹೊತ್ತು ಇದಕ್ಕೆ ಕೈ ಮುಗ್ದಿದ್ದು ಯಾತಕ್ಕೆ ಹೇಳಿ, ಸುಮ್ನೆ ಕೂತಿರ್ಲಿ ಅಂತಾನಾ?" ಅಂದರು ಅತ್ತೆ. ಆಮೇಲೆ ಹೊಸ್ತಿಲ ಕಡೆ ನೋಡಿ, "ನಿಮ್ ಚಪ್ಪಲಿ ಅಲ್ಲೇ ಬಾಗ್ಲಲ್ಲಿದೆ, ಹಾಕ್ಕೊಳಿ," ಅಂದರು.

ವಿಜಯದಶಮಿ ಕಳೆದ ಮೇಲೆ ಬ್ಯಾಟರಿ ಬಿಚ್ಚಿಟ್ಟು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಮಂಜು ಮತ್ತು ವೈರಿಂಗ್ ಕೆಲಸದವರೊಬ್ಬರು ಸೇರಿ ಹುಡುಕಿದರು. ನಾನು ಟಾರ್ಚ್ ಹಿಡಿದಿದ್ದೆ. ಸ್ಟಾರ್ಟರ್ ಮೋಟರಿಗೆ ಎರಡು ವೈರು ಬರುತ್ತವೆ. ದಪ್ಪನೆಯದು ಬ್ಯಾಟರಿಯಿಂದ, ಅದರಲ್ಲಿ ಸದಾ ಕರೆಂಟು. ತೆಳ್ಳನೆಯದು ಕೀಯಿಂದ, ಅದು ನಮ್ಮ ಮನೆಯ ಕಾಲಿಂಗ್ ಬೆಲ್ಲಿನ ಹಾಗೆ, ಕೀ ತಿರುಗಿಸಿದಾಗ ಮಾತ್ರ "ಏಳು" ಅಂತ ಮೋಟರಿಗೆ ಹೇಳುತ್ತದೆ. ನಮಗಿಂತ ಹಿಂದೆ ಯಾರೋ ತೆಳ್ಳನೆಯ ವೈರಿಗೆ ಗಂಟು ಹಾಕಿ, ಟೇಪು ಸುತ್ತಿ, ದಪ್ಪನೆಯದಕ್ಕೆ ಜೋಡಿಸಿ ಕಟ್ಟಿದ್ದರು. ಟೇಪು ಕೊಳೆತಿತ್ತು, ದಪ್ಪ ವೈರಿನ ಸಿಪ್ಪೆ ತಗಡಿನ ಅಂಚಿಗೆ ಉಜ್ಜಿ ಬಿರಿದಿತ್ತು. ಗಂಟು ಸಡಿಲವಾದ ದಿನ ಟಕ್ ಅಂತ ಮಾತ್ರ ಅನ್ನುತ್ತಿತ್ತು. ಒದ್ದೆಯಾಗಿ ಕರೆಂಟು ಸೋರಿದ ದಿನ ಬ್ಯಾಟರಿ ಖಾಲಿ. ನಾವು ನೀರು ಹೊಡೆದು, ಮೇಲೆ ಮಳೆಯೂ ಬಿದ್ದು, ಎರಡೂ ವೈರು ಪೂರ್ತಿ ತಾಗಿದ ದಿನ ಯಾರೂ ಒತ್ತದೆ ಬೆಲ್ಲು ಹೊಡೆದುಕೊಂಡಿತು.

ಆ ವೈರಿಂಗಿನವರು ಇನ್ನೊಂದು ಮಾತು ಹೇಳಿದರು. ಈ ಹಳೇ ಡೀಸೆಲ್ ಎಂಜಿನ್ನಿಗೆ ಕೀಯ ಹಂಗಿಲ್ಲ, ಸ್ಟಾರ್ಟರ್ ಅದನ್ನು ಜೋರಾಗಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ಕೀ ದೇವರ ಕೋಣೆಯಲ್ಲಿದ್ದರೂ ಎಂಜಿನ್ ಹೊತ್ತಿಕೊಂಡು ಗಾಡಿ ಓಡುತ್ತದೆ. ಹಳೇ ಬ್ಯಾಟರಿಗೆ ಆ ಶಕ್ತಿಯಿರಲಿಲ್ಲ. ಒಂದು ಮೊಳ, ಒಂದು ಗೇಣು, ಅಷ್ಟಕ್ಕೇ ಸುಸ್ತಾಯಿತು. ಹೊಸದನ್ನು ಹಿಂದಿನ ದಿನವೇ ಹಾಕಿದ್ದರೆ? ಮಂಜು ಟಾರ್ಚಿನ ಬೆಳಕಿನಲ್ಲಿ ನನ್ನ ಮುಖ ನೋಡಿದ. ನಾಗರಾಜ್ ಅಂಕಲ್ ಅವತ್ತಿನಿಂದ ಬ್ಯಾಟರಿಯ ವಿಷಯ ಎತ್ತಿಲ್ಲ, ಈಗ ಅವರು ಇನ್ವರ್ಟರ್ ಬಗ್ಗೆ ಮಾತಾಡುತ್ತಾರೆ.

ಹೊಸ ವೈರು ಬಂತು, ಅದಕ್ಕೆ ದಪ್ಪ ಕೊಳವೆ ಬಂತು, ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಎಳೆದರು. ಹ್ಯಾಂಡ್‌ಬ್ರೇಕಿಗೆ ಹೊಸ ಕೇಬಲ್. ಬಸವ ಈಗಲೂ ಇದ್ದಾನೆ, ಈಗಲೂ ಕೆಮ್ಮುತ್ತಾನೆ, ಆದರೆ ಕೀ ತಿರುಗಿಸಿದಾಗ ಮಾತ್ರ ಏಳುತ್ತಾನೆ. ಮೊದಮೊದಲು ಅವನ ಮುಂದೆ ಹಾದುಹೋಗಲು ನನಗೆ ಆಗುತ್ತಿರಲಿಲ್ಲ, ಹಿಂದಿನಿಂದ ಸುತ್ತಿಕೊಂಡು ಮನೆ ಸೇರುತ್ತಿದ್ದೆ. ಮಂಜು ತಮಾಷೆ ಮಾಡುತ್ತಿದ್ದ. ಅತ್ತೆ ಮಾಡಲಿಲ್ಲ. ನಾನು ಬರುವುದು ಕಂಡರೆ ಏನೋ ಕೆಲಸವಿದ್ದವರ ಹಾಗೆ ಹೋಗಿ ವ್ಯಾನಿನ ಮುಂದೆ ನಿಲ್ಲುತ್ತಿದ್ದರು, ನಾನು ದಾಟುವ ತನಕ.

ಜಯನಗರದಿಂದ ನಿಂಬೆಹಣ್ಣು ತಂದದ್ದಾಯಿತು, ಹಬ್ಬವೂ ಆಯಿತು. ಮಣೆಯ ಮೇಲೆ ಎಲ್ಲವೂ ಕೂತಿತ್ತು, ಒತ್ತು, ಬಾಣಲೆ, ಸ್ಪ್ಯಾನರುಗಳು, ವಿಭೂತಿ ಹಚ್ಚಿಕೊಂಡು. ಕಲ್ಲಿಗೆ ಈಗ ಅದು ಇರುವ ಜಾಗದಲ್ಲೇ, ಚಕ್ರದ ಬುಡದಲ್ಲೇ ಪೂಜೆ. ಮಂಜು ಪ್ಯಾಂಟು ಹಾಕಿದ್ದ. ನಿಂಬೆಹಣ್ಣನ್ನು ಕೈಯಿಂದ ಇಡುವುದಿಲ್ಲ, ಚಕ್ಕುಲಿ ತೆಗೆಯುವ ಉದ್ದನೆಯ ಹಿಡಿಯ ಸಟ್ಟುಗದಿಂದ, ಪಕ್ಕದಲ್ಲಿ ನಿಂತು ತಳ್ಳುತ್ತೇವೆ. ನೋಡಿದ ಹೊಸಬರು ಇದೇನು ನಿಮ್ಮ ಮನೆತನದ ಸಂಪ್ರದಾಯವೇ ಅಂತ ಕೇಳುತ್ತಾರೆ. ಹೌದು ಅನ್ನುತ್ತಾರೆ ಅತ್ತೆ.

ದೀಪ ಹಚ್ಚುವ ಮುಂಚೆ ಅವರು ವ್ಯಾನಿನ ಪಕ್ಕ ಕೂತು, ಪೆಟ್ಟಿಗೆ ತೆಗೆದು, ಬ್ಯಾಟರಿಯ ತಂತಿ ಬಿಚ್ಚಿದರು. ಮೊಣಕಾಲು ಹಿಡಿದು ಎದ್ದರು.

"ಹೂಂ, ಈಗ ಇಡೋ ನಿಂಬೆಹಣ್ಣು. ನೀನು ಈಚೆ ಬಂದ್ಮೇಲೆ ತಂತಿ ಹಾಕ್ತೀನಿ."

ಮಂಜು ಸಟ್ಟುಗ ಚಾಚಿದ. ಚಕ್ರದ ಕಡೆ ನೋಡಬಾರದು ಅಂತ ಅತ್ತೆಯ ಕಡೆ ನೋಡಿದೆ. ರೇಷ್ಮೆ ಸೀರೆ, ತಲೆ ತುಂಬ ಹೂವು. ಸೊಂಟದಲ್ಲಿ, ಸೆರಗು ಸಿಕ್ಕಿಸಿದ ಜಾಗದಲ್ಲಿ, ಹತ್ತನೇ ನಂಬರಿನ ಸ್ಪ್ಯಾನರಿನ ತುದಿ ಕಾಣುತ್ತಿತ್ತು. ಅದಕ್ಕೆ ವಿಭೂತಿಯಿಲ್ಲ, ಕುಂಕುಮವಿಲ್ಲ.